ಕತ್ತಿಗೆ ಜ್ವರ ಬಂದಾವ

ಮೊದಲು ಹಾಡು ಇರಲಿಲ್ಲ, ಗಾದಿ ಇತ್ತು.
ರಾಯಚೂರು, ತೀನ್ ಕಂದೀಲಿನ ಹಿಂದಿನ ಓಣಿ,
ಹತ್ತಿ ಹಿಂಜುತ್ತಿದ್ದ ಲಾಳೇಸಾಬ.
ಬಿಲ್ಲಿನ ತಂತಿ ಟುಂಯ್ ಟುಂಯ್ ಅಂದಾಗಲೆಲ್ಲ
ಯಾರ‍್ಯಾರದೋ ಹಳೆಯ ನಿದ್ದೆ ಎದ್ದು ಹಾರಿ
ಅವನ ಹುಬ್ಬಿಗೆ ಕೂತು
ಮೂವತ್ತಕ್ಕೇ ಮುದುಕನಂತೆ ಕಾಣುತ್ತಿದ್ದ.

ಗಾದಿ ಹೊಲಿಸಲು ಬಂದವಳ ಕಂಕುಳಲ್ಲಿ
ಒಂದು ಕೂಸು ಒಂದೇ ಸಮ ಅಳುತ್ತಿತ್ತು.
ಅದರ ಶ್ರುತಿಗೇ ತಂತಿ ಬಿಗಿದು
ಅಷ್ಟೇ ಎತ್ತರಕ್ಕೆ ತಾನೂ ಅತ್ತ.
ಕೂಸು ಬಾಯಿ ಮುಚ್ಚಿತು. ಅವನನ್ನೇ ನೋಡಿತು.
ಆಮೇಲೆ ನಕ್ಕಿತು.
ಅದೇ ಮೊದಲ ಕಛೇರಿ.
ಆ ಗಾದಿಯ ಬಾಕಿ ಆರು ರೂಪಾಯಿ ಇನ್ನೂ ಬಂದಿಲ್ಲ.

ನನ್ನನ್ನು ಆರಿಸಿದ್ದು ನಾನು ನಗುವುದಿಲ್ಲವೆಂದು.
ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸುತ್ತ ಕೂತವನು,
ವಯಸ್ಸು ಹನ್ನೊಂದು, ಹೆಸರು ಮುದುಕಪ್ಪ.
'ಹೆಸರಿಗೆ ತಕ್ಕ ಮಾರಿ ಅದ ನೋಡ್ರಿ' ಅಂದು
ಕೈಗೊಂದು ಡಾಲ್ಡಾ ಡಬ್ಬಿ ಕೊಟ್ಟ.
'ಸಾಲು ಮುಗದ ಕೂಡ್ಲೆ ಎರಡು ಹೊಡಿ. ನಕ್ಕರ ಪಗಾರಿಲ್ಲ.'

ಕತ್ತಿಗೆ ಜ್ವರ ಬಂದಾವ, ಗಾದಿ ಹಾಸ್ರೋ
(ಡಬ್ ಡಬ್)
ಕಾಲು ನಾಕು ನಡಗ್ತಾವ, ಕಾಲ್ಚೀಲ ತೊಡಸ್ರೋ
(ಡಬ್ ಡಬ್)
ಡಾಕ್ಟರು ಸೂಜಿ ತಂದಾರ, ಹಿಂದ ನಿಂದರಬ್ಯಾಡ್ರೋ

ಇಷ್ಟೇ.
ಇಷ್ಟರ ಮೇಲೆ ಮೂವತ್ತೊಂದು ವರ್ಷ ಉಂಡೆವು.
ಮಾನ್ವಿ, ದೇವದುರ್ಗ, ಲಿಂಗಸುಗೂರು,
ಶಾಲೆಯಿಂದ ಶಾಲೆಗೆ, ಬಸ್ಸಿನ ತಲೆಯ ಮೇಲೆ ಬಿಲ್ಲು.
ಹಟ್ಟಿಯ ಕಾಲನಿ ಶಾಲೆಯಲ್ಲಿ ನಡುಹಾಡಿಗೆ
ಗಣಿಯ ಭೋಂಗಾ ಕೂಗಿತು.
'ಅಗಾ, ಕತ್ತಿ ಎದ್ದಿತು!' ಅಂದ.
ಪಾಳಿ ಮುಗಿಸಿ ಬಂದ ಅಪ್ಪಂದಿರು
ಹೆಲ್ಮೆಟ್ಟು ಕಳಚದೆ ಕಿಟಕಿಯಲ್ಲಿ ನಿಂತು ನಕ್ಕರು.

ಬಳ್ಳಾರಿಯಲ್ಲಿ ಕ್ಯಾಸೆಟ್ ಮಾಡಿಸಿದೆವು.
ಅಂಗಡಿಯವನು ಕವರು ಅದಲುಬದಲು ಮಾಡಿದ.
ಭಕ್ತಿಗೀತೆ ಎಂದು ಕೊಂಡ ಮುದುಕಿಯೊಬ್ಬಳು
ಊದುಬತ್ತಿ ಹಚ್ಚಿ ಕೇಳಿದಳಂತೆ, ಪೂರ್ತಿ.
ಕಡೆಗೆ ಕೈಮುಗಿದು 'ಪಾಪ, ಕತ್ತಿ' ಅಂದಳಂತೆ.
ಈ ಮಾತು ಹೇಳುವಾಗ ಅವನು ನಗುತ್ತಿರಲಿಲ್ಲ.

ಒಮ್ಮೆ ದೊಡ್ಡ ಸಂಗೀತ ಸಮ್ಮೇಳನದಿಂದ ಕರೆ.
ಚಾಂದಬೀ ಜುಬ್ಬಾಕ್ಕೆ ಇಸ್ತ್ರಿ ಹಾಕಿದಳು.
ಹೋದೆವು. ಕುರ್ಚಿ ಖಾಲಿ, ಜಮಖಾನೆ ಇನ್ನೂ ಸುತ್ತಿಟ್ಟಿತ್ತು.
'ಹಾಡ್ರಿ, ಮೈಕು ಟೆಸ್ಟ್ ಮಾಡಬೇಕು' ಅಂದರು.
ಹಾಡಿದ. ಎಡದ ಸ್ಪೀಕರು ಸರಿಯಿಲ್ಲ ಅಂತ ಅವನೇ ಹೇಳಿದ.
ಚಹಾ ಕೊಟ್ಟರು.
ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಕಿಟಕಿ ಕಡೆ ನೋಡಿದೆವು,
ಕಿಟಕಿ ಇದ್ದದ್ದು ಒಂದೇ ಕಡೆ.

ಫೋಮಿನ ಹಾಸಿಗೆ ಬಂತು, ಗಾದಿ ಹೋಯಿತು.
ಹಲ್ಲೂ ಹೋದವು. ಕಟ್ಟಿಸಿದ ಹಲ್ಲು
ಸಿರವಾರದ ಶಾಲೆಯಲ್ಲಿ 'ಕಾಲ್ಚೀಲ' ಅನ್ನುವಾಗ ಜಾರಿ
ಮೊದಲ ಸಾಲಿನ ಹುಡುಗಿಯ ಉಡಿಗೆ ಬಿತ್ತು.
ಅವಳು ಎತ್ತಿ, ಲಂಗಕ್ಕೆ ಒರೆಸಿ, ವಾಪಸು ಕೊಟ್ಟಳು.
ಮರುವಾರದಿಂದ ಎಲ್ಲ ಶಾಲೆಗಳಿಂದ ಬೇಡಿಕೆ:
ಹಲ್ಲು ಬೀಳಿಸೋ ಮಾಸ್ತರನ್ನ ಕಳಿಸ್ರಿ.
ಬೀಳಿಸಿದ. ತಾಳಕ್ಕೆ ಸರಿಯಾಗಿ.

ಆಮೇಲೆ ಬಿದ್ದದ್ದು ಸಾಲುಗಳು.
ಗಾದಿ ಹಾಸಿದ, ಮುಂದೆ ನಿಂತುಬಿಟ್ಟ.
ಬಿಲ್ಲು ಎತ್ತಿದ ಕೈ ಎತ್ತಿದ ಹಾಗೇ.
ಮಕ್ಕಳು ಅದನ್ನೂ ಆಟವೆಂದುಕೊಂಡರು.
ನಾನು ಡಬ್ಬಿ ಹೊಡೆದೆ, ಮತ್ತೆ ಹೊಡೆದೆ.
'ಮುಂದ ಏನ್ರಲೇ?' ಅಂತ ಅವರನ್ನೇ ಕೇಳಿದ,
ಖರೇನೇ ಕೇಳಿದ.
ಮುನ್ನೂರು ಬಾಯಿ ಮುನ್ನೂರು ಸಾಲು ಕೊಟ್ಟವು.
ಕತ್ತೆ ಐಸ್‌ಕ್ರೀಮ್ ತಿಂದಿತು, ಹೆಡ್‌ಮಾಸ್ತರರ ಸ್ಕೂಟರ್ ಹತ್ತಿತು.
ಅವನು ಒಂದೊಂದಕ್ಕೂ ಹೌದು ಹೌದು ಅಂದ,
ಕಳೆದದ್ದು ಸಿಕ್ಕವನ ಹಾಗೆ.

ಈಗ ಬಿಲ್ಲು ನನ್ನ ಅಂಗಡಿಯ ಗೋಡೆಗೆ.
ಯಾರೂ ಕೇಳುವುದಿಲ್ಲ; ಟ್ಯೂಬು ತೂಗಿಹಾಕಲು ಅನುಕೂಲ.

ಮೊನ್ನೆ ಮಾನ್ವಿ ಬಸ್ ನಿಲ್ದಾಣ.
ತುತ್ತು ಬೇಡವೆನ್ನುವ ಮಗನಿಗೆ ಒಬ್ಬ ತಾಯಿ
ಮೊಸರನ್ನ ಹಿಡಿದು ಹಾಡುತ್ತಿದ್ದಳು:
ಕತ್ತಿಗೆ ಪರೀಕ್ಷೆ ಬಂದಾವ, ಗೈಡು ಕೊಡಸ್ರೋ.
ಅದಲ್ಲ, ತಂಗಿ, ಜ್ವರ...
ಬಾಯಿ ತೆರೆದೆ. ಮುಚ್ಚಿದೆ.
ತೊಡೆಯ ಮೇಲಿನ ಟಿಫಿನ್ ಡಬ್ಬಿಗೆ
ಬೆರಳು ತಾವೇ ಎರಡು ಹೊಡೆದವು.
ಹುಡುಗ ತಿರುಗಿ ನನ್ನ ಮಾರಿ ನೋಡಿದ.
ಬಾಯಿ ತುಂಬ ಅನ್ನ, ನಗು.

ಆ ದಿನದ ಪಗಾರ ಹೋಯಿತು.