ನಾಲ್ಕು ಅನ್ನುವವನು

ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಅಂತ ಕೇಳುತ್ತಾಳೆ ನರ್ಸು.
ನಾಲ್ಕು, ಅನ್ನುತ್ತಾನೆ ಎರ್ಮೀನಿಯು.
ಬೆಳಿಗ್ಗೆಯೂ ನಾಲ್ಕು, ಮಧ್ಯಾಹ್ನವೂ ನಾಲ್ಕು,
ಮಂಚದ ಕಂಬಿಯನ್ನು ಬೆರಳು ಬಿಳಿಚುವಷ್ಟು ಹಿಡಿದಾಗಲೂ
ನಾಲ್ಕು.
ನಲವತ್ತೊಂದು ವರ್ಷ ಇವನೆದುರು ಕೂತು ಉಂಡವಳು ನಾನು,
ಇವನ ನಾಲ್ಕರ ತೂಕ ನನಗೆ ಗೊತ್ತು.

ಸೆತೂಬಲ್ ಬೀದಿಗಳಿಗೆ ಕಲ್ಲು ಕೂರಿಸಿದವನು.
ಮುಷ್ಟಿಯಷ್ಟು ಬಿಳಿ ಸುಣ್ಣಗಲ್ಲು, ನಡುನಡುವೆ ಕರಿಯದು,
ಅಲೆ, ಮೀನು, ಹಗ್ಗದ ಗಂಟು,
ಎಲ್ಲವನ್ನೂ ಮಂಡಿಯೂರಿಯೇ ಬರೆದ.
ಪಾದ್ರಿ ಗೇಲಿ ಮಾಡುತ್ತಿದ್ದರು:
ನನ್ನ ಇಗರ್ಜಿಯಲ್ಲಿ ಇಷ್ಟು ಮಂಡಿಯೂರಿದವರಿಲ್ಲ ಮೇಸ್ತ್ರಿ,
ನೀನು ಒಳಗೆ ಬರದಿದ್ದರೂ ನಡೆದೀತು.
ಇವನು ಬರಲೂ ಇಲ್ಲ.

ಈಗ ಆ ಮಂಡಿಯನ್ನೇ ಕೊಯ್ದು
ಸವೆದ ಎಲುಬಿನ ತಲೆ ತೆಗೆದು
ಲೋಹ ಕೂರಿಸಿದ್ದಾರೆ. ಮೇಲೆ ಇಪ್ಪತ್ತೇಳು ಪಿನ್ನು.
ಪಟ್ಟಿ ಬಿಚ್ಚಿದ ದಿನ ಇವನು ಬಗ್ಗಿ ನೋಡಿ ಅಂದದ್ದು ಒಂದೇ:
ಸಾಲು ಸ್ವಲ್ಪ ಸೊಟ್ಟ.

ಮನೆಗೆ ಬಂದ ಮೇಲೆ
ಮೀನಂಗಡಿಯ ಬಿಲ್ಲಿನ ಬೆನ್ನ ಮೇಲೆ ನನ್ನ ಲೆಕ್ಕ.
ಆರಕ್ಕೆ ಬಿಳಿ ಗುಳಿಗೆ, ಊಟದ ಜೊತೆ ಹಳದಿಯದು,
ಮಲಗುವಾಗ ಆ ಜೋರಿನದು,
ಅದು ಕಟ್ಟಿಹಾಕುವ ಹೊಟ್ಟೆಗೆ ಒಣ ಅಂಜೂರ.
ಮಂಜು ಇಪ್ಪತ್ತು ನಿಮಿಷ, ಬಟಾಣಿ ಪೊಟ್ಟಣ, ಟವೆಲಿನಲ್ಲಿ ಸುತ್ತಿ.
(ಎಷ್ಟು ಸಲ ಕರಗಿ ಎಷ್ಟು ಸಲ ಹೆಪ್ಪುಗಟ್ಟಿತೋ,
ಇನ್ನು ಅದನ್ನು ಬೇಯಿಸುವ ಹಾಗಿಲ್ಲ. ಅದೂ ಈ ಮನೆಯ ರೋಗಿಯೇ.)

ಯೊಲಾಂಡ ಬರುತ್ತಾಳೆ, ವ್ಯಾಯಾಮದ ಹುಡುಗಿ,
ಹೆಲ್ಮೆಟ್ಟನ್ನು ನನ್ನ ರೊಟ್ಟಿಬುಟ್ಟಿಯ ಮೇಲಿಟ್ಟು
ಕೋನ ಅಳೆಯುತ್ತಾಳೆ: ಅರವತ್ತೆಂಟು.
ತೊಂಬತ್ತು ಬೇಕು. ತೊಂಬತ್ತಾದರೆ ಮೆಟ್ಟಿಲು.
ಇವನ ಹಣೆಯಲ್ಲಿ ಬೆವರು, ಬಾಯಲ್ಲಿ ನಾಲ್ಕು.
"ನೋವಿನ ಹಿಂದೆ ಓಡಬೇಡಿ ಮೇಸ್ತ್ರಿ, ಅದು ನಿಮಗಿಂತ ಚುರುಕು.
ಅದು ಬರುವ ತಿರುವಿನಲ್ಲಿ ಮೊದಲೇ ಹೋಗಿ ಕೂತಿರಿ.
ನಾನು ಬರುವ ಅರ್ಧ ಗಂಟೆ ಮುಂಚೆ ಗುಳಿಗೆ.
ಹಲ್ಲು ಕಚ್ಚಿದರೆ ಹಲ್ಲು ಸವೆದೀತು, ಮಂಡಿ ಬಗ್ಗದು."
ಸರಿ ಸರಿ, ಅನ್ನುತ್ತಾನೆ, ನರ್ಸಿಗೆ ಅಂದ ಹಾಗೆಯೇ.

ಹನ್ನೊಂದನೆಯ ರಾತ್ರಿ ನನ್ನ ಲೆಕ್ಕ ತಪ್ಪಿತು.
ಜೋರಿನ ಗುಳಿಗೆ ಐದು ಉಳಿಯಬೇಕು, ಹನ್ನೆರಡಿವೆ.
ಮತ್ತೆ ಎಣಿಸಿದೆ, ಮೇಜಿನ ಮೇಲೆ ಸಾಲಾಗಿ ಜೋಡಿಸಿ.
ದೀಪ ಹಾಕಿದರೆ ಇವನು ಎದ್ದೇ ಇದ್ದಾನೆ,
ಮುಖ ಗೋಡೆಯ ಕಡೆ, ಅಂಗಿ ಬೆನ್ನಿಗೆ ಅಂಟಿದೆ.
ನುಂಗಲಿಲ್ಲವೇ?
ಇಲ್ಲ.
ಯಾಕೆ?
ಹೊರಗೆ ಕೊಳಾಯಿ ತೊಟ್ಟಿಕ್ಕುವುದನ್ನು ಇಬ್ಬರೂ ಕೇಳಿದೆವು.
"ವಾಲ್ದೆಮಾರ್ ನೆನಪಿದೆಯಾ? ಬೆನ್ನು ಮುರಿದ ಮೇಲೆ
ಗುಳಿಗೆ ಬಿಡಲಾರದೆ ಹೋದ.
ಮೊದಲು ಸುತ್ತಿಗೆ ಮಾರಿದ. ಆಮೇಲೆ ಅವಳ ಉಂಗುರ."

ಬೈಯಬೇಕು ಅಂತಲೇ ಬಾಯಿ ತೆರೆದವಳು ನಾನು.
ಬಿಲ್ಲು ತಂದು ಅವನ ಕಣ್ಣೆದುರು ಹಿಡಿದೆ:
ವಾಲ್ದೆಮಾರನಿಗೆ ಎಣಿಸುವವರಿರಲಿಲ್ಲ.
ಇಲ್ಲಿ ನೋಡು, ಈ ಮೂಲೆಯವರೆಗೆ ಬರೆಯುತ್ತೇನೆ,
ಅಲ್ಲಿಗೆ ಕಾಗದ ಮುಗಿಯುತ್ತದೆ.
ನಾಳೆಯೇ ಡಾಕ್ಟರಿಗೆ ಫೋನು, ನಿಲ್ಲಿಸುವುದು ಹೇಗೆಂದು ಅವರನ್ನೇ ಕೇಳೋಣ.
ಈಗ ಹೇಳು, ಎಷ್ಟು?

ಒಂಬತ್ತು, ಅಂದ.
ಮದುವೆಯ ರಾತ್ರಿಯೂ ಇಷ್ಟು ನಾಚಿರಲಿಲ್ಲ.

ಬೆಳಿಗ್ಗೆ ಬೀದಿಯಲ್ಲಿ ಸುತ್ತಿಗೆ. ಟಿಕ್, ಟಿಕ್ಕಟಿಕ್.
ಮರದ ಬೇರು ಎಬ್ಬಿಸಿದ ಕಲ್ಲುಗಳನ್ನು
ಯಾರೋ ಹೊಸ ಹುಡುಗ ಕೂರಿಸುತ್ತಿದ್ದಾನೆ.
ಇವನು ಕಿವಿಗೊಟ್ಟ. "ನರ ನೋಡದೆ ಹೊಡೀತಾನೆ, ಕತ್ತೆ,"
ಅನ್ನುತ್ತಾ ಮಂಚದ ಅಂಚಿಗೆ ಸರಿದು
ಕಾಲು ಕೆಳಗಿಟ್ಟ, ಕಿಟಕಿಯ ಕಡೆ ಬಾಗಿದ.
ನನ್ನ ಬಳಿ ಅಳೆಯುವ ಕಡ್ಡಿಯಿಲ್ಲ.
ಎಷ್ಟು? ಅಂದೆ.
ಐದು.
ಹುಡುಗ ಇನ್ನೊಂದು ಕಲ್ಲು ಒಡೆದ.
ಐದೂವರೆ, ಅಂದ.