ಟ್ಯಾಗ್ ಕೀಳಬೇಡಿ

ಫೋನಿನಲ್ಲಿ ನೀವು 'ಮೀನಿನ ತೊಗಲಿನಂಗ ಐತಿ' ಅಂದಿರಲ್ಲ,
ಆಗ ಗೊತ್ತಾಯಿತು.
ಅಲ್ಲಿಯವರೆಗೆ ಇಬ್ಬರೂ ಇಂಗ್ಲಿಷಿನಲ್ಲಿ ಏದುಸಿರು ಬಿಟ್ಟದ್ದೇ ಬಂತು.
ಗದಗವಾ? ನಾನು ಉಳ್ಳಾಲ, ಕೋಟೆಪುರ.
ಬ್ಯಾಡ್ಜಿನಲ್ಲಿ 'ಮೋ' ಅಂತ ಉಂಟು,
ಅದು ಮ್ಯಾನೇಜರಿನ ಬಾಯಿಗೆ ಸಿಕ್ಕಿದಷ್ಟು.
ಪೂರ್ತಿ ಮೊಯ್ದಿನಬ್ಬ.

ಕೂತುಕೊಳ್ಳಿ ಅಕ್ಕ. ಸಾಕ್ಸ್ ತೆಗೆಯಿರಿ,
ಇದನ್ನು ಬರಿಗಾಲಿಗೇ ಹಾಕುವುದು.
ನಾಚಿಕೆ ಎಂತದ್ದು? ಒಡೆದ ಹಿಮ್ಮಡಿ ನೋಡಿ ನೋಡಿ
ನನಗೀಗ ಮುಖಗಳೇ ನೆನಪಿರುವುದಿಲ್ಲ;
ಜುಮೇರಾ ರಸ್ತೆಯಲ್ಲಿ ಯಾರಾದರೂ ಕೈ ಬೀಸಿದರೆ
ಮೊದಲು ಕೆಳಗೆ ನೋಡುತ್ತೇನೆ.

ಐದು ಮಿಲಿಮೀಟರ್ ಬೇಡ. ಅದು ಹಿಮ ಬೀಳುವ ಊರಿನವರದ್ದು,
ಇಲ್ಲಿ ಹಾಕಿದರೆ ಕಾಲು ಬೆಂದು ಇಡ್ಲಿ.
ಮೂರು ಸಾಕು, ಅದೂ ಜನವರಿಗೆ,
ಶಮಾಲ್ ಗಾಳಿ ಎರಡು ದಿನ ಬೀಸಿ ನೀರು ಕಚ್ಚುವಾಗ.
ತಳ ಮಡಚಿ ನೋಡಿ.
ನಿಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ
ಕಟಕ್ ರೊಟ್ಟಿ ಆಗಬಾರದು, ಬಿಸಿ ರೊಟ್ಟಿ ಆಗಬೇಕು.
ತಳ ದಪ್ಪವಾದರೆ ಕಾಲು ಕುರುಡು;
ಹಲಗೆ ಎತ್ತ ವಾಲಿತು ಅಂತ ಮಂಡಿಗೆ ಸುದ್ದಿ ಮುಟ್ಟುವಷ್ಟರಲ್ಲಿ
ನೀವು ನೀರಿನಡಿ ಇರುತ್ತೀರಿ.

ನಾನೂ ತಂಗಿ ಝೊಹರಾಳೂ ಅಳಿವೆಯಲ್ಲಿ ಮರುವಾಯಿ ಹೆಕ್ಕುತ್ತಿದ್ದೆವು.
ಸೊಂಟದವರೆಗೆ ಕಲಕು ನೀರು, ಎಂತದೂ ಕಾಣುವುದಿಲ್ಲ,
ಹೆಬ್ಬೆರಳೇ ಹುಡುಕಬೇಕು.
ಅವಳದು ಕಲ್ಲು ಯಾವುದು ಚಿಪ್ಪು ಯಾವುದು ಅಂತ
ಒಮ್ಮೆಯೂ ತಪ್ಪಿದ್ದಿಲ್ಲ.
ನನ್ನ ಬುಟ್ಟಿಯಲ್ಲಿ ಅರ್ಧ ಕಲ್ಲು.
ಅದಕ್ಕೇ ಹೇಳುವುದು, ಈ ಜೋಡಿ ನೋಡಿ,
ಹೆಬ್ಬೆರಳಿಗೆ ಬೇರೆಯೇ ಕೋಣೆ.
ಆಡಿನ ಗೊರಸಿನ ಹಾಗೆ ಕಾಣುತ್ತದೆ, ನಗಬೇಡಿ ಮಾರಾಯ್ರೆ,
ಎದ್ದು ನಿಂತಾಗ ಹಲಗೆಯನ್ನು ಹಿಡಿಯುವುದು ಅದೇ.

ಬಿಗಿಯಾ? ಆಗಲಿ.
ಬೆರಳು ಮಡಚಿಕೊಂಡರೆ ತಪ್ಪು, ತುದಿಗೆ ತಾಗಿದರೆ ಸರಿ.
ಅಂಗಡಿಯಲ್ಲಿ ಹಾಯೆನಿಸಿದ್ದು ನೀರಿನಲ್ಲಿ ಬಕೆಟ್.
ನಿಮ್ಮ ಎಡಗಾಲು ತುಸು ದೊಡ್ಡದು, ಗೊತ್ತುಂಟಾ?
ಚಪ್ಪಲಿಗಾದರೆ ದೊಡ್ಡದರ ಮಾತು ಕೇಳಬೇಕು,
ಇದಕ್ಕೆ ಸಣ್ಣದರ ಮಾತು.
ದೊಡ್ಡದನ್ನು ರಬ್ಬರೇ ಒಪ್ಪಿಸಿಕೊಳ್ಳುತ್ತದೆ.
ಪಟ್ಟಿ ಎಳೆಯಿರಿ. ಎದ್ದು ಸ್ವಲ್ಪ ಕುಣಿಯಿರಿ.
ಹಿಮ್ಮಡಿ ಜಾರಿತಾ? ಇಲ್ಲ.
ಆಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಹಾಕಿ,
ಬಾಲ್ಕನಿ ಬಿಸಿಲಿಗಿಟ್ಟರೆ ಮೇ ತಿಂಗಳಿಗೆ ಸಂಡಿಗೆ.

ಅರೆ, ಕೇಳಲು ಮರೆತೆ. ಹೋಗುವುದು ಎಲ್ಲಿಗೆ?
ಫುಜೈರಾದ ಬಂಡೆಗಳ ಕಡೆಗಾ?
ಅಲ್ಲಿ ಕಪ್ಪು ಮುಳ್ಳಿನುಂಡೆಗಳು ಕಾದು ಕೂತಿರುತ್ತವೆ, ಬೂಟು ಬೇಕೇ ಬೇಕು.
ಅಲ್ಲವಾ? ಇಲ್ಲೇ ಉಮ್ ಸುಖೈಮಿಗೆ? ಈ ಶನಿವಾರ?

ಸ್ವಲ್ಪ ನಗುತ್ತಾ ಇರಿ.
ಕೌಂಟರಿನಲ್ಲಿರುವ ಮ್ಯಾನೇಜರಿಗೆ ಕನ್ನಡ ಬಾರದು,
ಆದರೆ ಮುಖ ಓದುತ್ತಾಳೆ.

ಅಲ್ಲಿ ಬರೀ ಮರಳು ಅಕ್ಕ.
ಬೂಟು ಬೇಡ.
ಕಾಲೆತ್ತಿ ಇಡದೆ ಎಳೆದುಕೊಂಡು ನಡೆಯಿರಿ,
ತೊರಕೆ ಮೀನಿದ್ದರೆ ತಾನಾಗಿ ಸರಿದು ಹೋಗುತ್ತದೆ.
ಅಷ್ಟೇ.
ಈಗ ಮಾತ್ರ ಬಿಲ್ ಮಾಡಿಸಿ,
ನನ್ನ ಈ ತಿಂಗಳಿನ ಲೆಕ್ಕಕ್ಕೆ ಒಂದು ಬೀಳಲಿ.
ಹದಿನಾಲ್ಕು ದಿನದೊಳಗೆ ವಾಪಸು ತನ್ನಿ,
ವಾಪಸು ಬಂದದ್ದು ಮುಂದಿನ ತಿಂಗಳಿನ ತಲೆನೋವು.
ಟ್ಯಾಗ್ ಕೀಳಬೇಡಿ.

ತರುವಾಗ ನನ್ನನ್ನೇ ಕೇಳಿ. ಇರುತ್ತೇನೆ, ಹತ್ತರಿಂದ ಹತ್ತು.
ಕಡಲು ಇಲ್ಲಿಂದ ಎರಡು ಸಿಗ್ನಲ್.
ಆರು ವರ್ಷದಲ್ಲಿ ಒಂದು ಸಲ ಇಳಿದಿದ್ದೆ,
ಜಾಹೀರಾತಿನ ಫೋಟೋಕ್ಕೆ, ಇದೇ ಬೂಟು ಹಾಕಿಕೊಂಡು.
ಹಾಗಾಗಿ ನೀವು ನನಗೊಂದು ಹೇಳಬೇಕು.
ಅಲೆ ಹಿಂದೆ ಸರಿಯುವಾಗ ಅಂಗಾಲಿನಡಿಯ ಮರಳನ್ನು
ಸ್ವಲ್ಪ ಸ್ವಲ್ಪವೇ ಕದಿಯುತ್ತದಲ್ಲ,
ಆ ಕಚಗುಳಿ
ಇಲ್ಲಿಯೂ ಹಿಮ್ಮಡಿಯಿಂದಲೇ ಶುರುವಾಗುತ್ತದಾ?