ಒಡ್ಡಿನ ಮ್ಯಾಲ ಕಿವಿ

ಇಲ್ಲಿ ತೂಬಿಗೆ ಮಾನಸ ಅಂತಾರ.
ದಿವಾಡಿಗೆ ಬಂದ ಹೊಸದಾಗಿ ಕೇಳಿ ನಕ್ಕಿದ್ದೆ:
ಮಾನಸ ತೆರಿ, ಮಾನಸ ಮುಚ್ಚು,
ಮಾನಸದ ಹಲಿಗಿ ಹುಳ ತಿಂದೈತಿ, ಬಡಗ್ಯಾನ್ನ ಕರಿ.
ಮುದುಕ ನಗಲಿಲ್ಲ.
ಅವನ ಹೆಸರು ಕಾಯ್ತಾನ್. ಒಡ್ಡು ಕಾಯ್ತಾನ.
ಅದಕ್ಕೂ ನಾ ಒಬ್ಬಾಕೀನ ನಕ್ಕೆ.
ಅವಗ ಕನ್ನಡ ಬರೂದಿಲ್ಲ, ನನಗ ಕೊಂಕಣಿ ಅರ್ಧಾ,
ಮಣ್ಣು ಮಾತ್ರ ಇಬ್ಬರಿಗೂ ಪೂರಾ.

ಈ ಕಡೆ ಮಾಂಡೋವಿ, ಬಾಯಿಗಿಟ್ರ ಉಪ್ಪು.
ಆ ಕಡೆ ಕೊರ್ಗುಟ್ ಭತ್ತ, ಹೊಡೆ ಬಿಚ್ಚೂ ಹೊತ್ತು.
ನಡುವ ಒಂದಾಳೆತ್ತರ ಒಡ್ಡು.
ಅದರೊಳಗ ರಾತ್ರಿಯೆಲ್ಲಾ
ಯಾರೋ ಮನಿ ಕಟ್ಟತಾರ.

ಇಳಿತದ ಹೊತ್ತಿಗೆ ಬಗ್ಗಿ ಕಿವಿ ಇಡು, ಅಂತಾನ.
ಏಡಿ ಆದ್ರ ಗುಳುಗುಳು, ನಿಂತು ನಿಂತು.
ಇಲಿ ಆದ್ರ ಸಪ್ಪಳಿಲ್ಲ, ಬಾಯಾಗ ಹೊಸಾ ಮಣ್ಣಿನ ಗುಪ್ಪಿ,
ಮುಟ್ಟಿದ್ರ ಇನ್ನೂ ಹಸಿ.
ಏಡಿ ತೂತು ಓರಿ, ಮೊಳ ಹೋದ್ರ ನೀರು.
ಇಲಿ ಗುದ್ದಿಗೆ ಎರಡು ಬಾಗಿಲ,
ಒಂದು ಯಾವಾಗ್ಲೂ ಹುಲ್ಲಿನ ಮರಿಗೆ.
ಹುಲ್ಲು ಸಿಂಬಿ ಮಾಡಿ ತುರುಕು, ಜೇಡಿ ಮೆತ್ತು,
ಹಿಮ್ಮಡೀಲೆ ಒದ್ದು ಗಟ್ಟಿ ಮಾಡು.

ನಮ್ಮೂರಾಗ ಎರಿ ಹೊಲ.
ಜ್ವಾಳದ ರಾಶಿ ಆದ ಮ್ಯಾಲ ನಮ್ಮವ್ವ
ಸಲಿಕಿ, ಪುಟ್ಟಿ, ನನ್ನ ಕರಕೊಂಡು
ಹೆಗ್ಗಣದ ಗುದ್ದು ಅಗಿಯಾಕ ಹೋಗ್ತಿದ್ಲು.
ತೆನಿ ಮ್ಯಾಲ ತೆನಿ ಒಟ್ಟಿರತಿತ್ತು ಒಳಗ,
ಒಳ್ಳೆ ವರ್ಷ ಎರಡು ಸೇರು.
ಒಂದು ಹಿಡಿ ವಾಪಸ್ ಚೆಲ್ಲಿ ಮಣ್ಣು ಎಳೀತಿದ್ಲು.
"ದುಡದದ್ದು ಅದು, ನಾವಲ್ಲ."

ಈ ಸಲ ಇಲಿ ಭಾಳ ಆದವು. ಎಸ್ಪೆರಾನ್ಸ್ ಬಾಯಿ
ಮಾಪ್ಸಾದಿಂದ ಪುಡಿ ತರಿಸಿದ್ಲು, ಕರೀದು,
ಬಳ್ಳೊಳ್ಳಿ ಕೊಳೆತಂಥ ವಾಸನಿ.
ಮೊದಲೆರಡು ದಿನ ಬರೇ ನುಚ್ಚು, ಕೊಬ್ರಿ ಎಣ್ಣಿ.
ತಿನ್ನಲಿ, ರೂಢಿ ಆಗಲಿ, ನಂಬಲಿ.
ಮೂರನೇ ದಿನ ಅದರಾಗ ಪುಡಿ.
ಮೊದಲ ದಿನ ಎಲಿ ಖಾಲಿ.
ಎರಡನೇ ದಿನ ಎಲಿ ಸುದ್ದಾ ಕಡದಿದ್ವು.
ಬೀಗರಿಗೆ ಬಡಿಸಿದಂಗ ಆತು ನನಗ.
ಮೂರನೇ ದಿನ ಕೈಗೆ ಪ್ಲಾಸ್ಟಿಕ್ ಕಟ್ಟಿ ಕಡ್ಡೀಲೆ ಕಲಸಿದೆ.
ಮರುದಿನ ಕಾಯ್ತಾನ್ ಎಣಿಸಿದ: ನಲವತ್ತೊಂದು.
ಕಾಗಿ ಹದ್ದು ಮುಟ್ಟಬಾರದಂತ ಎಲ್ಲಾ ಹುಗದ್ವಿ.
ಅವತ್ತು ಒಗ್ಗರಣಿ ವಾಸನಿ ಸೇರಲಿಲ್ಲ.
ಭತ್ತ ಉಳೀತು. ಅದನ್ನೂ ಹೇಳಬೇಕಲ್ಲ.

ಹುಣ್ಣಿವಿ ಹಿಂದಿನ ದಿನ, ಮಾನಸದಿಂದ ಹತ್ತು ಮಾರು ಆಚೆ
ಹೊಸಾ ತೂತು.
ಕಾಯ್ತಾನ್ ಬಗ್ಗಿದ. ಕಿವಿ ಇಡಲಿಲ್ಲ.
ಅಂಚಿನ ಗುಂಟ ಬಟ್ಟು ಎಳದ:
ನೆಟ್ಟಗ, ನುಣ್ಣಗ, ಮೂಲಿ ಮೂಲಿ ಚೌಕ.
ಏಡಿ ಕಡೆ ಸಲಿಕಿ ಇರೂದಿಲ್ಲ.
ಬಾಜೂಕ ಬಲಿ ಕಟ್ಟೂ ಗೂಟ ಎರಡು, ಹೊಸಾವು.
ಉಪ್ಪು ಒಳಗ ಬಂದ್ರ ಹೊಲ ಸಾಯತೈತಿ,
ಹೊಲ ಸತ್ರ ಸಿಗಡಿ ಬೆಳೀತೈತಿ,
ಸಿಗಡಿಗೆ ಏನು ರೇಟು ಐತಿ ಅಂತ
ಪಣಜಿ ಹೊಟೇಲಿನಾಗ ತಾಟು ತೊಳೀತಾನಲ್ಲ
ನನ್ನ ಮಗ, ಅವ ಹೇಳ್ಯಾನ.

"ಯಾರು?" ಅಂದೆ.
ಮುದುಕ ನದಿ ನೋಡಿದ. ಹೆಸರು ಅವಗ ಗೊತ್ತಿತ್ತು.
ಇಂಥಾದ್ದಕ್ಕ ಮೊದಲೆರಡು ದಿನ ಏನು ಇಡಬೇಕು,
ಮಾಪ್ಸಾದ ಅಂಗಡ್ಯಾವ ಹೇಳಿಲ್ಲ.

ಭರತಿಗೆ ಇನ್ನ ಮೂರು ತಾಸು.
ಸಿಂಬಿ ನಾಕು ಹಾಕಿದ್ರೂ ಸಾಲಲಿಲ್ಲ.
ಅಕ್ಕಿ ಚೀಲದಾಗ ಮಣ್ಣು ತುಂಬಿ ನಾ ಇಳದೆ,
ಎದಿಮಟ ಕೆಸರು,
ಒದ್ದೆ, ಒದ್ದೆ, ಹಿಮ್ಮಡಿ ಜೋಮು ಹಿಡಿಯೂತನ.

ಕತ್ತಲಾತು. ನೀರು ಏರಿತು.
ಅವ ಆ ತುದಿ, ನಾ ಈ ತುದಿ
ಕಿವಿ ಇಟ್ಟು ಮಲಗಿದ್ವಿ.
ಗುಳುಗುಳು.
ನಿಂತು
ಗುಳುಗುಳು.
"ಕುರ್ಲಿ," ಅಂದ ಕಾಯ್ತಾನ್.
"ಬರೇ ಏಡಿ," ಅಂದೆ ನಾ.
ಇರಲಿ ಬಿಡು,
ಅದನ್ನ ಬೆಳಗಾದ ಮ್ಯಾಲ ನೋಡೂಣು.